ಮುದ್ದೆ ಮುರಿಯಲಾಗದ ಕೈಗೆ ಇಂಗ್ಲಿಷ್ ಚೀಟಿ!

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮಂಥ ಸಣ್ಣ ಪ್ರೆಸ್ಸಿನವರಿಗೆ ಸುಗ್ಗಿ. ಇಂಜಿನಿಯರಿಂಗ್, ನರ್ಸಿಂಗ್, ಫಾರ್ಮಸಿ, ಬಿಸಿಎ, ಫಿಸಿಯೋಥೆರಪಿ... ಕಾಲೇಜುಗಳ ಕರಪತ್ರಗಳು ಸಾವಿರಗಟ್ಟಲೆ ಅಚ್ಚಾಗುತ್ತವೆ. ಹುಣಸೂರಿನ ನನ್ನ ಪ್ರೆಸ್ಸಿನಲ್ಲಿ ಇಷ್ಟು ವರ್ಷ ಅಚ್ಚಾದ ರಾಶಿ ಕರಪತ್ರಗಳಲ್ಲಿ ಒಂದು ಕೋರ್ಸಿನ ಹೆಸರು ಮಾತ್ರ ಒಮ್ಮೆಯೂ ಬಂದಿಲ್ಲ. ಆ ಹೆಸರು ಆಕ್ಯುಪೇಷನಲ್ ಥೆರಪಿ.

ಕನ್ನಡದಲ್ಲಿ ಇದನ್ನು ವೃತ್ತಿ ಚಿಕಿತ್ಸೆ ಎನ್ನುವವರಿದ್ದಾರೆ, ಔದ್ಯೋಗಿಕ ಚಿಕಿತ್ಸೆ ಎನ್ನುವವರೂ ಇದ್ದಾರೆ. ಎರಡನ್ನೂ ಕೇಳಿದವರು ಇದೇನೋ ನೌಕರಿ ಕೊಡಿಸುವ ಇಲಾಖೆ ಎಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಕಾಯಕ ಚಿಕಿತ್ಸೆ ಎನ್ನಿ. ಬೆಳಗ್ಗೆ ಎದ್ದು ಹಲ್ಲುಜ್ಜುವುದರಿಂದ ಹಿಡಿದು ರಾತ್ರಿ ಕಂಬಳಿ ಎಳೆದುಕೊಳ್ಳುವವರೆಗೆ ಮನುಷ್ಯ ತನ್ನ ಕೈಯಾರೆ ಮಾಡಿಕೊಳ್ಳುವುದೆಲ್ಲ ಕಾಯಕವೇ. ರೋಗದಿಂದಲೋ ಅಪಘಾತದಿಂದಲೋ ಹುಟ್ಟಿನಿಂದಲೋ ಆ ಕಾಯಕ ಕೈತಪ್ಪಿದಾಗ ಅದನ್ನು ಮತ್ತೆ ಕೈಗೆ ತಂದುಕೊಡುವ ವಿದ್ಯೆ ಇದು.

ಕನ್ನಡದ ತರುಣ ತರುಣಿಯರೇ, ಈ ವಿದ್ಯೆಯಲ್ಲಿ ನಿಮಗೆ ಬದುಕಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಜನಕ್ಕೆ ಈ ವಿದ್ಯೆ ಬೇಕಾಗಿದೆ. ನಡುವೆ ಒಂದು ಗೋಡೆ ಎದ್ದು ನಿಂತಿದೆ. ಆ ಗೋಡೆಯ ಬಗ್ಗೆ ನಾಲ್ಕು ಮಾತು ಆಡಲೇಬೇಕು.

ಇದೇನು ವಿದ್ಯೆ?

ಲಕ್ವ ಹೊಡೆದ ಒಬ್ಬ ರೈತನನ್ನು ತೆಗೆದುಕೊಳ್ಳಿ. ಡಾಕ್ಟರು ಜೀವ ಉಳಿಸುತ್ತಾರೆ. ಫಿಸಿಯೋಥೆರಪಿಯವರು ಸೋತ ಕೈಕಾಲಿಗೆ ಚಲನೆ, ಬಲ ತರಿಸುತ್ತಾರೆ. ಆಮೇಲೆ? ಅಂಗಿಯ ಗುಂಡಿ ಹಾಕುವುದು ಹೇಗೆ? ಪಂಚೆ ಉಡುವುದು ಹೇಗೆ? ಕೂತು ಏಳಲಾಗದವನು ಊರಿನ ಕಕ್ಕಸಿನಲ್ಲಿ ಏನು ಮಾಡಬೇಕು? ಹಸುವಿನ ಹಾಲು ಕರೆಯಲು ಒಂದೇ ಕೈ ಸಾಕೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರೇ ಆಕ್ಯುಪೇಷನಲ್ ಥೆರಪಿಸ್ಟರು. ಕೆಲಸವನ್ನು ತುಂಡು ತುಂಡು ಮಾಡಿ ಕಲಿಸುತ್ತಾರೆ. ಸಾಧನವನ್ನು ಕೈಗೆ ತಕ್ಕಂತೆ ಬದಲಿಸುತ್ತಾರೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುತ್ತಾರೆ, ಮಡಚಿಕೊಂಡ ಬೆರಳಿಗೆ ಪಟ್ಟಿ ಕಟ್ಟುತ್ತಾರೆ, ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುತ್ತಾರೆ. ಕೂರಲಾಗದ ಮಗುವಿಗೆ ತಕ್ಕ ಕುರ್ಚಿ ಮಾಡಿಸುತ್ತಾರೆ, ಆಟಿಸಂ ಇರುವ ಮಗು ಶಾಲೆಯ ಗದ್ದಲ ತಡೆದುಕೊಳ್ಳುವಂತೆ ದಾರಿ ಮಾಡುತ್ತಾರೆ. ಮನೋರೋಗದಿಂದ ಚೇತರಿಸಿಕೊಂಡವರನ್ನು ದಿನಚರಿಗೆ, ದುಡಿಮೆಗೆ ಮರಳಿಸುತ್ತಾರೆ.

ಇದರ ಚರಿತ್ರೆ ಕೇಳಿದರೆ ನಮ್ಮಂಥ ಕೈಕಸುಬಿನವರಿಗೆ ಹೆಮ್ಮೆಯಾಗಬೇಕು. ೧೯೧೭ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯ ಮೊದಲ ಸಂಘ ಕಟ್ಟಿದವರಲ್ಲಿ ಡಾಕ್ಟರರ ಜೊತೆಗೆ ಕಟ್ಟಡದ ನಕ್ಷೆ ಹಾಕುವವರಿದ್ದರು, ಕರಕುಶಲ ಕಲಿಸುವ ಮೇಡಮ್ಮನಿದ್ದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರ ಕೈಗೆ ನೇಯ್ಗೆ, ಮರಗೆಲಸ, ಪುಸ್ತಕದ ಬೈಂಡಿಂಗ್ ಕೊಟ್ಟು ಬೆರಳುಗಳನ್ನು ಎಬ್ಬಿಸಿದರು. ಅಚ್ಚಿನ ಕೆಲಸವೂ ಚಿಕಿತ್ಸೆಯಾಗಿತ್ತು. ಮೊಳೆ ಜೋಡಿಸಿ ಬೆಳೆದ ನಮ್ಮಂಥವರಿಗೆ ಇದೇನೂ ಆಶ್ಚರ್ಯವಲ್ಲ. ಒಂದು ಗ್ಯಾಲಿ ಕಂಪೋಸ್ ಮಾಡುವಷ್ಟರಲ್ಲಿ ಹೆಬ್ಬೆರಳು, ತೋರುಬೆರಳು, ಕಣ್ಣು, ಮನಸ್ಸು ಎಲ್ಲಕ್ಕೂ ಕಸರತ್ತು!

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಸೇರಿದ್ದು ಮರಾಠಿ ಮನೆ. ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ೧೯೫೨ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಏಳು ದಶಕ ದಾಟಿದವು ಸ್ವಾಮಿ! ಮುಂಬಯಿಯಿಂದ ಹುಣಸೂರಿಗೆ ಬರಲು ಈ ವಿದ್ಯೆಗೆ ಇನ್ನೆಷ್ಟು ದಶಕ ಬೇಕು?

ನಾಲ್ಕು ತಾಲ್ಲೂಕಿನ ಪಾಡು

ನಮ್ಮ ನಾಲ್ಕೂ ತಾಲ್ಲೂಕು ಕೈಯಿಂದಲೇ ಬದುಕುವ ತಾಲ್ಲೂಕು. ವರ್ಜೀನಿಯಾ ಹೊಗೆಸೊಪ್ಪಿನ ಎಲೆ ಕೀಳುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ ಒಳಗೆ ಹತ್ತಿ ಏರಿಸುವುದು, ಇಳಿಸಿ ಗ್ರೇಡ್ ಮಾಡುವುದು, ಎಲ್ಲವೂ ಬೆರಳಿನ ಕೆಲಸ. ಕೆ.ಆರ್. ನಗರದ ನಾಲೆ ಬಯಲಲ್ಲಿ ಭತ್ತದ ನಾಟಿ. ಕೋಟೆಯಲ್ಲಿ ಹತ್ತಿ, ಕಾಡಂಚಿನ ಹಾಡಿಗಳಲ್ಲಿ ಜೇನು, ಸೌದೆ. ಮರದಿಂದ ಬಿದ್ದವರು, ಆನೆ ತುಳಿದು ಬದುಕಿ ಉಳಿದವರು, ಬೈಕಿನಿಂದ ಬಿದ್ದವರು, ಲಕ್ವ ಹೊಡೆದವರು, ಮಾತು ನಡೆ ತಡವಾದ ಮಕ್ಕಳು... ಯಾವ ಊರಿಗೆ ಹೋದರೂ ಒಂದು ಮನೆಯ ಜಗುಲಿಯಲ್ಲಿ ಒಬ್ಬರು ಕೂತೇ ಇರುತ್ತಾರೆ. ೨೦೧೧ರ ಜನಗಣತಿಯೇ ಕರ್ನಾಟಕದಲ್ಲಿ ೧೩.೨೪ ಲಕ್ಷ ಅಂಗವಿಕಲರನ್ನು ಲೆಕ್ಕ ಹಾಕಿತು. ಆಗ ಕಾನೂನು ಒಪ್ಪುತ್ತಿದ್ದದ್ದು ೭ ಬಗೆಯ ಅಂಗವಿಕಲತೆಯನ್ನು. ೨೦೧೬ರ ಕಾಯ್ದೆ ಅದನ್ನು ೨೧ಕ್ಕೆ ಏರಿಸಿತು. ಈಗ ಎಣಿಸಿದರೆ ಲೆಕ್ಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ನಾಲ್ಕೂ ಊರಿನ ಸರ್ಕಾರಿ ಆಸ್ಪತ್ರೆಗಳ ಮೆಟ್ಟಿಲು ಹತ್ತಿದವನು ನಾನು. ಆಕ್ಯುಪೇಷನಲ್ ಥೆರಪಿ ಎಂಬ ಬೋರ್ಡು ಒಂದು ಕಡೆಯೂ ಕಣ್ಣಿಗೆ ಬಿದ್ದಿಲ್ಲ. ಬೇಕಾದವರು ಮೈಸೂರಿಗೆ ಹೋಗಬೇಕು. ಈ ನಾಲ್ಕು ಪಟ್ಟಣಗಳಲ್ಲಿ ರೈಲು ನಿಲ್ದಾಣ ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಮಿಕ್ಕವರಿಗೆ ಬಸ್ಸೇ ಗತಿ. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡ ತಾಯಿಗೆ ಟಿಕೆಟ್ಟಿನ ಖರ್ಚು ಉಳಿಯಿತು, ಸಂತೋಷ. ಆದರೆ ಆ ದಿನದ ಕೂಲಿ? ಈ ಚಿಕಿತ್ಸೆ ಒಂದು ಸೂಜಿ ಚುಚ್ಚಿ ಕಳಿಸುವಂಥದ್ದಲ್ಲ. ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ನಡೆಯಬೇಕು. ಪಿರಿಯಾಪಟ್ಟಣದ ಹಳ್ಳಿಯಿಂದಲೋ ಕಬಿನಿ ಹಿನ್ನೀರಿನ ಹಾಡಿಯಿಂದಲೋ ಎಷ್ಟು ದಿನ ಓಡಾಡುತ್ತಾರೆ? ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಮೂಲೆ.

ನಮ್ಮ ಪ್ರೆಸ್ಸಿನಲ್ಲಿ ವರ್ಷಾನುಗಟ್ಟಲೆ ಬೈಂಡಿಂಗ್ ಮಾಡಿದ ಹಿರಿಯರೊಬ್ಬರಿದ್ದರು. ಬಲಗಡೆ ಲಕ್ವ ಹೊಡೆಯಿತು. ಮೈಸೂರಿನ ಒಂದು ಆಸ್ಪತ್ರೆ ಜೀವ ಉಳಿಸಿತು, ಕೈಮುಗಿಯೋಣ. ಮನೆಗೆ ಕಳಿಸುವಾಗ ಕೈಗೆ ಕೊಟ್ಟದ್ದು ಮೂರು ಹಾಳೆಯ ಇಂಗ್ಲಿಷ್ ಚೀಟಿ. ಅದರಲ್ಲಿನ ಚಿತ್ರಗಳೋ! ಒಬ್ಬ ದೊರೆ ಮೇಜಿನ ಮುಂದೆ ಕೂತು ಮುಳ್ಳುಚಮಚ ಹಿಡಿದಿದ್ದಾನೆ. ಇನ್ನೊಂದರಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ನೋಡಲು ಹೋದಾಗ ಇವರು ನನಗೆ ಹೇಳಿದ್ದು ಒಂದೇ ಮಾತು: "ಮುದ್ದೆ ಮುರಿಯಕ್ಕೆ ಆಗ್ತಿಲ್ಲ ಕಣಪ್ಪ."

ಮುದ್ದೆ ಮುರಿಯುವುದು ಸಾಮಾನ್ಯ ಕೆಲಸವೇ? ಬಿಸಿ ತಾಳಬೇಕು, ಮೂರು ಬೆರಳು ಕೂಡಬೇಕು, ಗುಂಡಗೆ ಮಾಡಿ ಸಾರಿಗೆ ಅದ್ದಿ, ಕೆಳಗೆ ಬೀಳದಂತೆ ಬಾಯಿಗೆ ತರಬೇಕು, ಅಗಿಯದೆ ನುಂಗಬೇಕು. ಲಕ್ವ ಹೊಡೆದ ಗಂಟಲಿಗೆ ಆ ನುಂಗುವುದೇ ಅಪಾಯವಾಗಬಹುದು. ಇದನ್ನು ಯಾವ ಮುಳ್ಳುಚಮಚದ ಚೀಟಿ ಹೇಳೀತು? ಎಡಗೈಯಲ್ಲಿ ಉಣ್ಣಲು ನಾಚಿ ಆ ಹಿರಿಯರು ಮದುವೆ ಮನೆ, ತಿಥಿ ಮನೆಗೆ ಹೋಗುವುದನ್ನೇ ಬಿಟ್ಟರು. ಕಾಯಿಲೆ ಕಸಿದುಕೊಂಡದ್ದು ಒಂದು ಕೈಯನ್ನು. ಊರನ್ನು, ನೆಂಟರನ್ನು ಕಸಿದುಕೊಂಡದ್ದು ಚಿಕಿತ್ಸೆಯ ಅಭಾವ.

ಇಲ್ಲಿ ಭಾಷೆಯೂ ಔಷಧಿ

ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬೇಕೆಂದು ನಾವು ಕೇಳುವುದು ಹಕ್ಕಿನ ಮಾತು. ಅಲ್ಲಿ ಕನ್ನಡ ಬಾರದವನು ಕೂತರೆ ನಮಗೆ ಅವಮಾನ, ತಡ, ತೊಂದರೆ. ಆದರೂ ಚಲನ್ ಬರೆದುಕೊಟ್ಟರೆ ದುಡ್ಡು ಹೇಗೋ ಬರುತ್ತದೆ. ಕಾಯಕ ಚಿಕಿತ್ಸೆಯಲ್ಲಿ ಹಾಗಿಲ್ಲ. ಮಾತು ಬಾರದಿದ್ದರೆ ಚಿಕಿತ್ಸೆಯೇ ಶುರುವಾಗುವುದಿಲ್ಲ. "ನಿಮಗೆ ಏನು ಮಾಡಲು ಆಗಬೇಕು ಅಜ್ಜಿ?" ಎಂಬುದೇ ಇಲ್ಲಿ ಮೊದಲ ಪರೀಕ್ಷೆ. ಅಜ್ಜಿ "ರೊಟ್ಟಿ ತಟ್ಟಬೇಕು", "ಹೂ ಕಟ್ಟಬೇಕು", "ಮೊಮ್ಮಗಳಿಗೆ ಜಡೆ ಹಾಕಬೇಕು" ಎನ್ನುತ್ತಾಳೆ. ಹೂ ಕಟ್ಟುವುದನ್ನೇ ನೋಡದವರು ಅದನ್ನು ಚಿಕಿತ್ಸೆ ಮಾಡುವುದು ಹೇಗೆ?

ಮಗುವಿನ ವಿಚಾರದಲ್ಲಂತೂ ಕೇಳಲೇಬೇಡಿ. ಮಗುವಿನ ಬೆಳವಣಿಗೆ ಅಳೆಯಲು ತಾಯಿಗೆ ಹತ್ತಾರು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆಪಟ್ಟಿ ಇಂಗ್ಲಿಷಿನಲ್ಲಿದ್ದರೆ, ನಡುವೆ ನಿಂತ ಯಾರೋ ಅರ್ಧಂಬರ್ಧ ಹೇಳಿದರೆ, ತಾಯಿಯ ಉತ್ತರವೂ ಅರ್ಧ. ಅರ್ಧ ಉತ್ತರದ ಮೇಲೆ ಮಗುವಿನ ಇಡೀ ಬದುಕನ್ನು ತೀರ್ಮಾನಿಸುವುದೇ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕನ್ನಡ ಬಂದ ಮಾತ್ರಕ್ಕೆ ಯಾರೂ ಥೆರಪಿಸ್ಟ್ ಆಗುವುದಿಲ್ಲ, ಓದಬೇಕು. ಹೊರಗಿನಿಂದ ಬಂದವರು ಕನ್ನಡ ಕಲಿತು ನಮ್ಮ ಅಜ್ಜಿಯ ಕೈ ಹಿಡಿದರೆ ಅವರೂ ನಮ್ಮವರೇ. ಜೇನುಕುರುಬರ ಹಾಡಿಗೆ ಹೋದರೆ ಅವರ ನುಡಿಗೆ ಕಿವಿಗೊಡಬೇಕು. ಬೈಲುಕುಪ್ಪೆಯ ಟಿಬೆಟನ್ ವೃದ್ಧರಿಗೆ, ಹುಣಸೂರು ಪೇಟೆಯ ಉರ್ದು ಮನೆಮಾತಿನ ತಾಯಂದಿರಿಗೂ ಇದೇ ನ್ಯಾಯ. ರೋಗಿಯ ಭಾಷೆಯೇ ಅಲ್ಲಿ ದೊರೆ.

ಹಾಗೆಂದ ಮೇಲೆ ಲೆಕ್ಕ ಹಾಕಿ. ಈ ಸೀಮೆಯ ನುಡಿ, ಊಟ, ಉಡುಗೆ, ಬೇಸಾಯ ಬಲ್ಲ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ಲಾಯಕ್ಕಾದವರು ಯಾರು? "ಇಂಗ್ಲಿಷ್ ಬರಲ್ಲ, ಹಳ್ಳಿಗಮಾರ" ಎಂದು ಬೇರೆಡೆ ಹೀಯಾಳಿಸುವ ಜ್ಞಾನವೇ ಇಲ್ಲಿ ಬಂಡವಾಳ!

ಕೆಲಸ ಎಲ್ಲಿದೆ? ಓದು ಎಲ್ಲಿದೆ?

ಕೆಲಸಕ್ಕೆ ಬರವಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಮನೋರೋಗಿಗಳ ಪುನರ್ವಸತಿ ವಿಭಾಗವಿದೆ. ಎನ್.ಎಸ್. ಹೇಮಾ ಅವರು ೧೯೫೯ರಲ್ಲಿ ಕಟ್ಟಿದ ಎಪಿಡಿ ಸಂಸ್ಥೆ, ೧೯೮೨ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಇವೆ. ದೊಡ್ಡ ಖಾಸಗಿ ಆಸ್ಪತ್ರೆಗಳು, ವಿಶೇಷ ಶಾಲೆಗಳು, ವೃದ್ಧರ ಆರೈಕೆ ಕೇಂದ್ರಗಳು ಇವೆ. ಬೆಂಗಳೂರು ಮೈಸೂರಿನ ಬಡಾವಣೆಗಳಲ್ಲಿ ಮಕ್ಕಳ ಥೆರಪಿ ಕೇಂದ್ರಗಳು ತಲೆಯೆತ್ತಿವೆ, ಶುಲ್ಕವೆಲ್ಲ ಗಂಟೆ ಲೆಕ್ಕದಲ್ಲಿ. ಸ್ವಂತ ಕ್ಲಿನಿಕ್ ತೆರೆಯಬಹುದು, ಮನೆಮನೆಗೆ ಹೋಗಿ ಚಿಕಿತ್ಸೆ ಕೊಡಬಹುದು. ಕಾರ್ಖಾನೆಗಳಲ್ಲಿ ಕೂಲಿಕಾರರ ಬೆನ್ನು, ಮಣಿಕಟ್ಟು ಕೆಡದಂತೆ ಕೆಲಸದ ಜಾಗವನ್ನು ತಿದ್ದುವುದೂ ಇವರದೇ ಕೆಲಸ. ಹೊರದೇಶಗಳಲ್ಲಂತೂ ಬೇಡಿಕೆ ಇದ್ದೇ ಇದೆ. ಅದಕ್ಕೇ ಓದಿದವರಲ್ಲಿ ಅನೇಕರು ವಿಮಾನ ಹತ್ತುತ್ತಾರೆ.

ಓದುವ ದಾರಿಯೂ ಸರಳವಾಗಿ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇರಬೇಕು. ಪದವಿ, ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆಯಿಂದ ಐದು ವರ್ಷ. ಪ್ರವೇಶದ ನಿಯಮಗಳು ಈಚೆಗೆ ಬದಲಾಗುತ್ತಿವೆ, ಸೇರುವ ವರ್ಷದ ಪ್ರಕಟಣೆ ನೋಡಿಯೇ ಅರ್ಜಿ ಹಾಕಿ. ನಮ್ಮ ರಾಜ್ಯದಲ್ಲಿ ಮಣಿಪಾಲದ ಹೆಸರು ದೊಡ್ಡದು, ಶುಲ್ಕವೂ ಬಡವರಿಗೆ ದೊಡ್ಡದೇ. ಪಕ್ಕದ ವೆಲ್ಲೂರಿನ ಸಿಎಂಸಿಯಲ್ಲಿದೆ. ಕೇಂದ್ರ ಸರ್ಕಾರದ ಸಂಸ್ಥೆಗಳು ಕಟಕ್, ಕೋಲ್ಕತ್ತಾದಲ್ಲಿವೆ, ಅಲ್ಲಿ ಖರ್ಚು ಕಡಿಮೆ.

೨೦೨೧ರಲ್ಲಿ ಸಂಸತ್ತು ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಯೋಗದ ಕಾಯ್ದೆ ಮಾಡಿ ಆಕ್ಯುಪೇಷನಲ್ ಥೆರಪಿಗೆ ಸ್ವಂತ ಸ್ಥಾನ ಕೊಟ್ಟಿತು. ಕಲಿತವರ ಹೆಸರು ಸರ್ಕಾರದ ರಿಜಿಸ್ಟರಿನಲ್ಲಿ ಇರಬೇಕೆಂಬುದು ಆ ಕಾಯ್ದೆಯ ಆಶಯ. ಆದ್ದರಿಂದ ಮೂರು ತಿಂಗಳ ಸರ್ಟಿಫಿಕೇಟು ಕೊಟ್ಟು "ಥೆರಪಿಸ್ಟ್" ಪಟ್ಟ ಕಟ್ಟುವ ಅಂಗಡಿಗಳಿಗೆ ದುಡ್ಡು ಸುರಿಯಬೇಡಿ. ಇನ್ನೊಂದು ವಿಷಯ ಹಳ್ಳಿಯ ತಂದೆತಾಯಿಗೆ ತಿಳಿಸಿ. ೧೯೯೯ರ ಕಾಯ್ದೆಯಡಿ ಹುಟ್ಟಿದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹುವಿಧ ಅಂಗವಿಕಲತೆ ಇರುವವರಿಗೆ ೧ ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ವಿಮೆ ಇದೆ, ಬಿಲ್ಲು ಕೊಡಲು ಥೆರಪಿಸ್ಟೇ ಊರಲ್ಲಿಲ್ಲ. ಇದು ನಮ್ಮ ವ್ಯವಸ್ಥೆಯ ತಮಾಷೆ.

ಗೋಡೆ ಒಡೆಯುವುದು ಹೇಗೆ?

೧೯೮೬ರ ಸರೋಜಿನಿ ಮಹಿಷಿ ವರದಿಯನ್ನು ಹಿಡಿದು ಕನ್ನಡಿಗರಿಗೆ ಕೆಲಸ ಕೊಡಿ ಎಂದು ಬೀದಿಗಿಳಿದವರು ನಾವು. ಆ ಹೋರಾಟ ನಡೆಯಲೇಬೇಕು. ಆದರೆ ಹುದ್ದೆಯೇ ಇಲ್ಲದ ಕಡೆ ಪಾಲು ಕೇಳಿ ಏನು ಫಲ? ಇಲ್ಲಿ ಮೊದಲು ಹುದ್ದೆ ಹುಟ್ಟಬೇಕು. ಕನ್ನಡ ಬಲ್ಲವರೇ ಮಾಡಬೇಕಾದ ಕೆಲಸವನ್ನು ಸೃಷ್ಟಿಸಿ ಎಂದು ಕೇಳುವುದೂ ಕನ್ನಡದ ಹೋರಾಟವೇ.

ಮೈಸೂರನ್ನೇ ನೋಡಿ. ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿಗೆ ಬಂತು. ಅದರಿಂದ ಎಷ್ಟು ಮಕ್ಕಳಿಗೆ ಮಾತು ಬಂತು, ಎಷ್ಟು ಮನೆಗಳಿಗೆ ದಾರಿ ಸಿಕ್ಕಿತು! ನಾಲಿಗೆಗೆ, ಕಿವಿಗೆ ದೇಶವೇ ಮೆಚ್ಚುವ ಸಂಸ್ಥೆ ನಮ್ಮ ಜಿಲ್ಲೆಯಲ್ಲಿದೆ. ಕೈಗೆ?

ಹಳ್ಳಿಯಲ್ಲಿ ಬುನಾದಿ ಇಲ್ಲವೆನ್ನಬೇಡಿ. ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಯಾವ ಮನೆಯಲ್ಲಿ ಯಾರು ಮೂಲೆ ಹಿಡಿದಿದ್ದಾರೆ ಎಂಬುದು ಅವರಿಗೆ ಬಾಯಿಪಾಠ. ಬಿಆರ್‌ಸಿಗಳಲ್ಲಿ ವಿಶೇಷ ಮಕ್ಕಳ ಶಿಕ್ಷಕರಿದ್ದಾರೆ. ಹುಣಸೂರಿನಲ್ಲಿ ಬಡಗಿಗಳಿಗೆ, ಸಾಮಿಲ್ಲುಗಳಿಗೆ ಬರವಿಲ್ಲ. ಅಳತೆ ಹೇಳುವವರಿದ್ದರೆ ಮಗುವಿಗೆ ತಕ್ಕ ಕುರ್ಚಿ ಒಂದೇ ದಿನದಲ್ಲಿ ಸಿದ್ಧ. ಆ ಅಳತೆ ಹೇಳುವವರೇ ಇಲ್ಲ!

ಆದ್ದರಿಂದ ನಮ್ಮ ಬೇಡಿಕೆಗಳು ಇವು:

೧. ನಾಲ್ಕೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದೊಂದು ಕಾಯಂ ಆಕ್ಯುಪೇಷನಲ್ ಥೆರಪಿಸ್ಟ್ ಹುದ್ದೆ ಮಂಜೂರಾಗಲಿ. ಆಮೇಲೆ ರಾಜ್ಯದ ಎಲ್ಲ ತಾಲ್ಲೂಕಿಗೂ ಬರಲಿ.

೨. ಪ್ರತಿ ಬಿಆರ್‌ಸಿಗೆ ಒಬ್ಬರು ಬರಲಿ. ವರ್ಷಕ್ಕೊಂದು ತಪಾಸಣಾ ಶಿಬಿರ ಮಾಡಿ ಫೋಟೋ ತೆಗೆಸಿಕೊಂಡರೆ ಮಗುವಿನ ಬೆರಳು ತಿರುಗುವುದಿಲ್ಲ.

೩. ಮೈಸೂರಿನಲ್ಲಿ ಸರ್ಕಾರಿ ಶುಲ್ಕದ ಪದವಿ ಕೋರ್ಸ್ ಶುರುವಾಗಲಿ. ಸಿಇಟಿಯಲ್ಲಿ ಗ್ರಾಮೀಣರಿಗೆ ಶೇ. ೧೫, ಕನ್ನಡ ಮಾಧ್ಯಮದವರಿಗೆ ಶೇ. ೫ ಮೀಸಲು ಇರುವಂತೆ ಇಲ್ಲೂ ಇರಲಿ.

೪. ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪಿನ ಒಂದು ಭಾಗ ಭತ್ಯೆ ಸಮೇತ ತಾಲ್ಲೂಕಿನಲ್ಲೇ ನಡೆಯಲಿ.

೫. ಪ್ರಶ್ನೆಪಟ್ಟಿ, ಮನೆಯಲ್ಲಿ ಮಾಡುವ ಅಭ್ಯಾಸದ ಹಾಳೆಗಳು ಕನ್ನಡದಲ್ಲಿ ಬರಲಿ. ಚಿತ್ರದಲ್ಲಿ ಕೋಟಿನ ಬದಲು ಪಂಚೆ, ಸೀರೆ ಇರಲಿ. ಮುಳ್ಳುಚಮಚದ ಬದಲು ಮುದ್ದೆ ಇರಲಿ.

"ದುಡ್ಡೆಲ್ಲಿದೆ?" ಎಂದು ಅಧಿಕಾರಿಗಳು ಕೇಳಬಹುದು. ಮೂಲೆ ಸೇರಿದ ಒಬ್ಬ ದುಡಿಯುವವನ ಜೊತೆ ಅವನನ್ನು ನೋಡಿಕೊಳ್ಳುವ ಹೆಂಡತಿಯ ಕೂಲಿಯೂ ಹೋಗುತ್ತದೆ, ಕೆಲವೊಮ್ಮೆ ಮಗಳ ಶಾಲೆಯೂ ಹೋಗುತ್ತದೆ. ಈ ನಷ್ಟವನ್ನು ಯಾವ ಬಜೆಟ್ಟಿನಲ್ಲಿ ಬರೆದಿದ್ದೀರಿ ಸ್ವಾಮಿ?

ಬೆಂಗಳೂರಿನ ಹುಡುಗ ಹುಡುಗಿಯರಿಗೆ

ನಿಮ್ಮಲ್ಲಿ ಅನೇಕರ ಅಪ್ಪ ಅಮ್ಮ ಇದೇ ಸೀಮೆಯಿಂದ ಬಸ್ಸು ಹತ್ತಿ ಬಂದವರು. ನಿಮ್ಮ ಅಜ್ಜ ಅಜ್ಜಿ ಇಂದಿಗೂ ಬೆಟ್ಟದಪುರದಲ್ಲೋ ಚುಂಚನಕಟ್ಟೆಯಲ್ಲೋ ಇದ್ದಾರೆ. "ನಾವೇನು ಮಾಡಲು ಸಾಧ್ಯ?" ಎನ್ನಬೇಡಿ. ೧೯೮೪ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಗೆಳೆಯರೊಡನೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಅವರು ಹೋದದ್ದು ಎಚ್.ಡಿ. ಕೋಟೆಯ ಹಾಡಿಗಳಿಗೆ. ಇವತ್ತು ಸರಗೂರಿನಲ್ಲಿ ಅವರ ಆಸ್ಪತ್ರೆ ನಿಂತಿದೆ, ಹೊಸಹಳ್ಳಿಯಲ್ಲಿ ಹಾಡಿ ಮಕ್ಕಳ ಶಾಲೆ ನಡೆಯುತ್ತಿದೆ. ಅವರು ಹೋದಾಗ ನಿಮ್ಮ ವಯಸ್ಸಿನವರೇ ಆಗಿದ್ದರು.

ಎಲ್ಲರೂ ಹಾಡಿಗೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಮನೆಯಲ್ಲಿ ಪಿಯುಸಿ ಓದುವ ತಂಗಿ, ತಮ್ಮ ಇದ್ದರೆ ಈ ಕೋರ್ಸಿನ ಹೆಸರು ಹೇಳಿ. ಈಗಾಗಲೇ ಓದುತ್ತಿರುವವರು ವಾರದ ರಜೆಯಲ್ಲಿ ಒಂದು ದಿನ ಒಂದು ತಾಲ್ಲೂಕಿಗೆ ಬಂದು ಪುನರ್ವಸತಿ ಕಾರ್ಯಕರ್ತರ ಜೊತೆ ನಾಲ್ಕು ಮನೆ ಸುತ್ತಿ. ಊರಿಗೆ ಬಂದ ಶಾಸಕರನ್ನು ಹಾರ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಗೆ ಆ ಹುದ್ದೆ ಯಾವಾಗ?

ಲಕ್ವ ಹೊಡೆದವರಿಗೆ, ಕೈ ಬಲವಿಲ್ಲದ ಮಕ್ಕಳಿಗೆ ಮನೆಯಲ್ಲಿ ಏನೇನು ಮಾಡಿಸಬೇಕೆಂದು ಸರಿಯಾಗಿ ಓದಿದವರು ತಿಳಿಗನ್ನಡದಲ್ಲಿ ಹದಿನಾರು ಪುಟ ಬರೆದು ಕೊಡಿ. ಚಿತ್ರ ಬಿಡಿಸುವ ಗೆಳೆಯರು ಚಿತ್ರ ಹಾಕಿ. ಬರೀ ಕಾಗದದ ಬೆಲೆಗೆ ನಾನು ಅಚ್ಚು ಹಾಕಿಕೊಡುತ್ತೇನೆ. ನಾಲ್ಕು ತಾಲ್ಲೂಕಿನ ಪ್ರತಿ ಪಂಚಾಯಿತಿಗೂ ಅದು ತಲುಪಲಿ. ಕನ್ನಡದ ಕೆಲಸ ಮೆರವಣಿಗೆಯಲ್ಲಿ ಎಷ್ಟಿದೆಯೋ, ಆ ಹದಿನಾರು ಪುಟದಲ್ಲೂ ಅಷ್ಟೇ ಇದೆ. ಬರೆಯುವವರು ಯಾರು, ಕೈ ಎತ್ತಿ!

— ಒಬ್ಬ ಮುದ್ರಕ, ಹುಣಸೂರು